ಸುಂಕಪ್ಪನ ಮೊದಲ ತಲೆಬಾಗಿಲು

ಕೊಟ್ಟೂರಿನಿಂದ ಕೂಡ್ಲಿಗಿಗೆ ಹೋಗುವ ರಸ್ತೆಯಲ್ಲಿ, ಗಂಗಾಧರ್ ಎಂಬವರ ಹಿಟ್ಟಿನ ಗಿರಣಿಗೆ ಆತುಕೊಂಡಂತೆ ಒಂದು ತಗಡಿನ ಚಪ್ಪರವಿತ್ತು. ಅದು ಸುಂಕಪ್ಪನ ಮರಗೆಲಸದ ಅಂಗಡಿ. ಒಳಗೆ ಮೂರು ಜನ ನಿಲ್ಲುವಷ್ಟು ಜಾಗ, ಉಳಿದ ಕೆಲಸವೆಲ್ಲ ಹೊರಗೆ ಹುಣಸೆ ಮರದ ನೆರಳಿನಲ್ಲಿ. ಗಿರಣಿಯಿಂದ ಹಾರಿಬಂದ ಹಿಟ್ಟು ಮರದ ಪುಡಿಯ ಜೊತೆ ಸೇರಿ, ಸಂಜೆಯಾಗುವ ಹೊತ್ತಿಗೆ ಅವನ ತಲೆ, ಮೀಸೆ, ಹುಬ್ಬು ಎಲ್ಲ ಬೆಳ್ಳಗಾಗಿರುತ್ತಿದ್ದವು. "ನನ್ನ ಗಂಡ ಮುಂಜಾನಿ ಹರೇದವ ಆಗಿ ಹೋಗ್ತಾನ, ಸಂಜಿಗೆ ಮುದುಕ ಆಗಿ ಬರ್ತಾನ" ಎಂದು ಅವನ ಹೆಂಡತಿ ಮಾಳಮ್ಮ ಓಣಿಯ ಹೆಂಗಸರನ್ನು ನಗಿಸುತ್ತಿದ್ದಳು.

ಸುಂಕಪ್ಪ ಬಡಗಿಗಳ ಮನೆಯಲ್ಲಿ ಹುಟ್ಟಿದವನಲ್ಲ. ಇಪ್ಪತ್ತೆರಡು ವರ್ಷದವನಿದ್ದಾಗ ಮರ ಕೊಯ್ಯುವ ಮಿಲ್ಲಿಗೆ ದಿಮ್ಮಿ ಹೊರಲು ಸೇರಿದ್ದ. ಅಲ್ಲಿಗೆ ಮರ ಆರಿಸಲು ಬರುತ್ತಿದ್ದ ಬಡಿಗೇರ ಮರುಳಪ್ಪ ಒಂದು ದಿನ ಬೇವಿನ ದಿಮ್ಮಿಯೊಂದನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದಾಗ, ಹಿಂದೆ ನಿಂತಿದ್ದ ಸುಂಕಪ್ಪ ತಡೆಯಲಾರದೆ ಹೇಳಿಬಿಟ್ಟ: "ಅದು ಬ್ಯಾಡ್ರಿ ಯಜಮಾನ್ರ, ಒಳಗ ತಿರುಚೈತಿ. ಕೊಯ್ದ್ರ ಸೀಳ್ತೈತಿ." ಮರುಳಪ್ಪ ತಿರುಗಿ ನೋಡಿದ. ಬೇಕೆಂದೇ ಅದನ್ನೇ ಕೊಯ್ಯಿಸಿದ. ಮರ ಸೀಳಿತು. ಮಾರನೇ ದಿನದಿಂದ ಸುಂಕಪ್ಪ ಮರುಳಪ್ಪನ ಅಂಗಡಿಯಲ್ಲಿದ್ದ. ಊರ ಹೊರಗಿನ ಕೇರಿಯವನ ಕೈಗೆ ಉಳಿ ಕೊಟ್ಟನೆಂದು ಮರುಳಪ್ಪನ ನೆಂಟರು ಒಂದು ವರ್ಷ ಮುಖ ಗಂಟಿಕ್ಕಿಕೊಂಡು ತಿರುಗಿದರು.  ಮರುಳಪ್ಪ ಕೆಲಸ ಕಲಿಸುವುದನ್ನು ಬಿಡಲಿಲ್ಲ. ಆರು ವರ್ಷ ಕಲಿತ ಮೇಲೆ ಸುಂಕಪ್ಪ ಗಿರಣಿ ಪಕ್ಕದಲ್ಲಿ ಸ್ವಂತ ಚಪ್ಪರ ಹಾಕಿಕೊಂಡ.

ಮಂಚ, ಕಿಟಕಿ, ಟಿವಿ ಇಡುವ ಸ್ಟ್ಯಾಂಡು, ಶಾಲೆಯ ಬೆಂಚು, ಬಚ್ಚಲಿನ ಕದ, ಕೊಟ್ಟಿಗೆಯ ಕದ, ಹೀಗೆ ಅವನು ಮಾಡದ ಸಾಮಾನಿರಲಿಲ್ಲ. ಮಾಡದೇ ಇದ್ದದ್ದು ತಲೆಬಾಗಿಲೊಂದೇ. ಮನೆ ಕಟ್ಟಿಸುವವರು ಹಿಂಬಾಗಿಲಿಗೂ ಕಿಟಕಿಗೂ ಅವನನ್ನು ಕರೆಯುತ್ತಿದ್ದರು, ಕೆಲಸವನ್ನು ಹೊಗಳುತ್ತಿದ್ದರು. ಮುಂದಿನ ಬಾಗಿಲಿನ ಮಾತು ಬಂದರೆ "ಅದನ್ನ ಬ್ಯಾರೆಯವರಿಗೆ ಹೇಳೀವಪ್ಪ" ಎಂದು ಬೇರೆ ಕಡೆ ನೋಡುತ್ತಿದ್ದರು. ತಲೆಬಾಗಿಲಿನ ಚೌಕಟ್ಟು ನಿಲ್ಲಿಸುವ ದಿನ ಬಡಗಿಯೇ ಹೊಸ್ತಿಲಿಗೆ ಅರಿಸಿನ ಹಚ್ಚಬೇಕು, ಕಾಯಿ ಒಡೆಯಬೇಕು, ಮನೆಯವರು ಅವನಿಗೆ ಟವೆಲು ಹೊದಿಸಿ ಎಲೆ ಅಡಿಕೆ ಕೊಡಬೇಕು. ಅದು ತನ್ನ ಕೈಗೆ ಯಾಕೆ ಬರುತ್ತಿಲ್ಲ ಎಂದು ಸುಂಕಪ್ಪನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಹತ್ತು ವರ್ಷ ಹೀಗೇ ಕಳೆದಿತ್ತು.

೧೯೯೬ರ ಬೇಸಿಗೆಯ ಒಂದು ದಿನ ಮೂರು ಗಾಲಿಯ ಕೈ ಸೈಕಲ್ಲೊಂದು ಬಂದು ಹುಣಸೆ ಮರದ ಕೆಳಗೆ ನಿಂತಿತು. ಅದರಲ್ಲಿ ಕೂತಿದ್ದವಳು ಇಪ್ಪತ್ನಾಲ್ಕು ವರ್ಷದ ಶಾಂಭವಿ. ಶೇಂಗಾ ವ್ಯಾಪಾರಿ ಜಂಬಣ್ಣನ ಮಗಳು. ಎರಡು ವರ್ಷದ ಕೂಸಿದ್ದಾಗ ಪೋಲಿಯೋ ಬಂದು ಎರಡೂ ಕಾಲು ಸೋತಿದ್ದವು. ಬಲಗೈಯಿಂದ ಹಿಡಿಕೆ ತಿರುಗಿಸುತ್ತಾ ಅಷ್ಟು ದೂರ ಬಂದಿದ್ದರಿಂದ ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು.

"ತಲೆಬಾಗಲಾ ಮಾಡ್ತೀರೇನ್ರಿ?" ಎಂದಳು.

ವಿಳಾಸ ತಪ್ಪಿ ಬಂದಿದ್ದಾಳೆ ಎಂದುಕೊಂಡ ಸುಂಕಪ್ಪ, "ಮರುಳಪ್ಪನೋರ ಮನಿ ಹಿಂದಿನ ಓಣ್ಯಾಗ ಐತಿ ನೋಡವ್ವಾ" ಎಂದ.

"ಅವರ ಮಕ್ಕಳನ್ನ ಕೇಳಿದೆ. ಇನ್ನಿಬ್ಬರನ್ನೂ ಕೇಳಿದೆ. ಆಗಂಗಿಲ್ಲ ಅಂದ್ರು."

"ಯಾಕ?"

"ನನಗ ಹೊಸ್ತಿಲಾ ಇಲ್ಲದ ಬಾಗಲಾ ಬೇಕಾಗೈತಿ."

ಸುಂಕಪ್ಪ ಮರ ಹೆರೆಯುತ್ತಿದ್ದ ರಂದವನ್ನು ಕೆಳಗಿಟ್ಟ. ಕುಡಿಯಲು ನೀರು ಕೊಡಲೋ ಬೇಡವೋ ಎಂದು ಅನುಮಾನಿಸುತ್ತಿರುವಾಗಲೇ ಅವಳು ಕೈ ಚಾಚಿ ಅವನ ತಂಬಿಗೆಯನ್ನು ಎತ್ತಿಕೊಂಡು ಗಟಗಟ ಕುಡಿದಳು. ಆಮೇಲೆ ಹೇಳಿದಳು. ಟೆಲಿಫೋನಿನವರು ಅವಳಿಗೆ ಎಸ್ಟಿಡಿ ಬೂತು ಮಂಜೂರು ಮಾಡಿದ್ದರು. ಅಪ್ಪ ಬಸ್ ಸ್ಟ್ಯಾಂಡಿನ ಹತ್ತಿರ ತಗಡಿನ ಡಬ್ಬಿ ಇಡಿಸುತ್ತೇನೆ ಎನ್ನುತ್ತಿದ್ದ. ಅವಳಿಗೆ ಅದು ಬೇಡ. ಮನೆಯ ಮುಂದಿನ ಕೋಣೆಯಲ್ಲೇ ಬೂತು ಮಾಡಬೇಕು, ಸೈಕಲ್ ಸಮೇತ ತಾನೇ ಒಳಗೆ ಹೊರಗೆ ಓಡಾಡಬೇಕು.

"ಬೂತು ಒಂದು ನೆವ ಅಂತ ತಿಳ್ಕೋರಿ. ಈಗ ನಾನು ಹೊರಗ ಬರಬೇಕು ಅಂದ್ರ ಅಪ್ಪ ಎತ್ತಿ ಸೈಕಲ್ ಮ್ಯಾಲೆ ಕುಂದ್ರಿಸಬೇಕು. ಅಪ್ಪ ಸಂತಿಗೆ ಹೋದ್ರ ನಾನು ಮನ್ಯಾಗ. ಅಪ್ಪಗ ಜ್ವರ ಬಂದ್ರ ನಾನು ಮನ್ಯಾಗ. ಸೈಕಲ್ ಒಳಗ ಬಂತಂದ್ರ ಮಂಚದ ಮ್ಯಾಲಿಂದ ನಾನೇ ಹತ್ತತೀನಿ."

"ಇವತ್ತು?"

"ಲೈಬ್ರರಿಗೆ ಹೋಗ್ತೀನಿ ಅಂದಿದ್ದೆ. ಕುಂದ್ರಿಸಿ ಹೋದ."

"ಹಂಗಾದ್ರ ಬಾಗಲದ ವಿಷಯ ನಿಮ್ಮಪ್ಪಗ..."

"ಇನ್ನಾ ಹೇಳಿಲ್ಲ" ಎಂದು ನಕ್ಕಳು ಶಾಂಭವಿ. "ಮೊದಲ ಮಾಡಾವ್ರು ಸಿಗಲಿ ಅಂತ."

ಮಾಡುತ್ತೇನೆ ಎಂದು ಸುಂಕಪ್ಪ ಆ ದಿನ ಹೇಳಲಿಲ್ಲ. ಎರಡು ದಿನ ಕೊಡು ಎಂದ. ಅವಳು ಹೋದ ಮೇಲೆ ಅರ್ಧಕ್ಕೆ ಬಿಟ್ಟ ಮಂಚದ ಕಾಲನ್ನು ಕೆತ್ತಲು ಕೂತ, ಆಗಲಿಲ್ಲ. ಒಂದು ಮನಸ್ಸು ಹಿಗ್ಗುತ್ತಿತ್ತು, ಹತ್ತು ವರ್ಷಕ್ಕೆ ಒಂದು ತಲೆಬಾಗಿಲು ಬಂತಲ್ಲ ಎಂದು. ಇನ್ನೊಂದು ಮನಸ್ಸು ಚುಚ್ಚುತ್ತಿತ್ತು, ಉಳಿದವರೆಲ್ಲ ಒಲ್ಲೆ ಅಂದದ್ದಕ್ಕೆ ತಾನೇ ಬಂತು ಎಂದು. ಹೊಸ್ತಿಲೇ ಇಲ್ಲದ ಬಾಗಿಲು ಮಾಡಿದರೆ ಆ ಮನೆಯಲ್ಲಿ ನಾಳೆ ಒಂದು ಕೆಮ್ಮು ಬಂದರೂ ತನ್ನ ಹೆಸರೇ ಹೇಳುತ್ತಾರೆ. ಇದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಸಂಜೆ ಮರುಳಪ್ಪನ ಮನೆಗೆ ಹೋದ. ಮುದುಕನಿಗೆ ಆಗ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಕಟ್ಟೆಯ ಮೇಲೆ ಕೂತು, ಬಂದವರನ್ನು ಹೆಜ್ಜೆಯ ಸಪ್ಪಳದಲ್ಲೇ ಗುರುತು ಹಿಡಿಯುತ್ತಿದ್ದ. ಸುಂಕಪ್ಪ ಎಲ್ಲವನ್ನೂ ಹೇಳಿ, "ಹೊಸ್ತಿಲಾ ಇಲ್ದಂಗ ಬಾಗಲಾ ನಿಲ್ಲಿಸಬಹುದೇನ್ರಿ?" ಎಂದು ಕೇಳಿದ.

"ಇಲ್ಲ. ಹೊಸ್ತಿಲಾ ಇರಬೇಕು. ಹೊಸ್ತಿಲಾ ಇಲ್ಲಂದ್ರ ಚೌಕಟ್ಟಿನ ಕಾಲು ಎರಡೂ ಬ್ಯಾರೆ ಬ್ಯಾರೆ ಕಡಿ ಓಡ್ತಾವು" ಎಂದ ಮರುಳಪ್ಪ. ಸ್ವಲ್ಪ ಹೊತ್ತು ಎಲೆ ಅಡಿಕೆ ಮೆದ್ದು, ಉಗುಳಿ ಬಂದು ಕೂತ. "ಆದ್ರ ಎಷ್ಟು ಎತ್ತರ ಇರಬೇಕು ಅಂತ ನಮ್ಮಪ್ಪ ನನಗ ಹೇಳಿಕೊಟ್ಟಿಲ್ಲ. ನಾನೂ ನಿನಗ ಹೇಳಿಕೊಟ್ಟಿಲ್ಲ. ಹೌದಿಲ್ಲೋ?"

ಸುಂಕಪ್ಪನಿಗೆ ಆಗ ಹೊಳೆಯಿತು. ಹೊಸ್ತಿಲನ್ನು ತೆಗೆಯುವುದು ಬೇಡ. ನೆಲ ಅಗೆದು ಇಳಿಸಿದರಾಯಿತು. ಮೇಲ್ಮೈ ಮಾತ್ರ ನೆಲದ ಮಟ್ಟಕ್ಕೆ ಕಾಣಬೇಕು. ಹೊಸ್ತಿಲೂ ಇರುತ್ತದೆ, ಗಾಲಿಯೂ ಹಾಯುತ್ತದೆ.

ಮೂರನೇ ದಿನ ಅಳತೆಯ ಟೇಪು ಹಿಡಿದು ಜಂಬಣ್ಣನ ಮನೆಗೆ ಹೋದ. ಮಗಳು ಅಷ್ಟು ಹೊತ್ತಿಗೆ ವಿಷಯ ಹೇಳಿದ್ದಳು. ಜಂಬಣ್ಣ ಜಗುಲಿಯ ಮೇಲೆ ತೋಳು ಕಟ್ಟಿಕೊಂಡು ನಿಂತಿದ್ದ. ಅವನ ಹೆಂಡತಿ ನಾಗಲಿಂಗಮ್ಮ ಬಾಗಿಲ ಮರೆಯಲ್ಲಿದ್ದಳು.

"ಹೊಸ್ತಿಲಾ ತಗದು ಮನಿ ಹಾಳು ಮಾಡ್ತೀಯೇನಪಾ?" ಎಂದ ಜಂಬಣ್ಣ.

"ತಗಿಯಂಗಿಲ್ರಿ. ಇಳಸ್ತೀನಿ" ಎಂದು ಸುಂಕಪ್ಪ ಮಣ್ಣಿನ ಮೇಲೆ ಕಡ್ಡಿಯಿಂದ ಗೀರಿ ತೋರಿಸಿದ. ಜಂಬಣ್ಣ ಕಟ್ಟಿದ ತೋಳು ಬಿಡದೆ ನೋಡಿದ. ಸುಂಕಪ್ಪ ಅಳತೆ ತೆಗೆದುಕೊಳ್ಳಲು ಹಳೆಯ ಹೊಸ್ತಿಲ ಮುಂದೆ ಕುಕ್ಕರಗಾಲಲ್ಲಿ ಕೂತ. ಅರ್ಧ ಅಡಿಗೂ ಎತ್ತರದ ಗಟ್ಟಿ ಹೊಸ್ತಿಲು. ಮರ ನೋಡುವ ಕಣ್ಣಿಗೆ ಮೊದಲು ಬಿದ್ದದ್ದು ಅದರ ಬಲ ಮೂಲೆ. ಉಳಿದ ಕಡೆಯೆಲ್ಲ ಅರಿಸಿನ ಕುಂಕುಮ ಮೆತ್ತಿ ಒರಟಾಗಿದ್ದರೆ, ಆ ಮೂಲೆ ಮಾತ್ರ ಅಂಗೈ ಅಗಲದಷ್ಟು ನುಣ್ಣಗೆ ಸವೆದು ತಗ್ಗಾಗಿತ್ತು. ಕಾಲಿನಿಂದ ಸವೆದರೆ ನಡುವೆ ಸವೆಯಬೇಕು, ಮೂಲೆಯಲ್ಲಿ ಅಲ್ಲ.

"ಇಲ್ಲಿ ಯಾಕ ಹಿಂಗ ಸವದೈತ್ರಿ?" ಎಂದು ಕೇಳಿಯೇಬಿಟ್ಟ.

 ಬಾಗಿಲ ಮರೆಯಿಂದ ನಾಗಲಿಂಗಮ್ಮನ ದನಿ ಬಂತು. "ಆಕಿ ಕೈ ಊರೋ ಜಾಗ ಅದು. ಇವರು ಮನ್ಯಾಗ ಇಲ್ಲದಾಗ ಅಲ್ಲಿ ಕೈಯೂರಿ ಮೈ ಎಳಕೊಂಡು ಜಗಲಿಗೆ ದಾಟ್ತಾಳ. ಸಣ್ಣಾಕಿ ಇದ್ದಾಗಿಂದ."

ಜಂಬಣ್ಣ ಕೆಳಗೆ ಬಗ್ಗಿ ಆ ತಗ್ಗಿನಲ್ಲಿ ತನ್ನ ಕೈ ಇಟ್ಟು ನೋಡಿದ. ದಿನಕ್ಕೆ ಹತ್ತು ಸಲ ದಾಟುವ ಹೊಸ್ತಿಲು. ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಅವನಿಗೆ ಅದು ಕಂಡಿರಲಿಲ್ಲ. ಎದ್ದು ನಿಂತು ಹೆಗಲ ಮೇಲಿನ ಟವೆಲಿನಿಂದ ಮೂಗು ಒರೆಸಿಕೊಂಡ. "ಹಿತ್ತಲದಾಗ ನಮ್ಮಪ್ಪನ ಕಾಲದ ಸಾಗವಾನಿ ತೊಲಿ ಅದಾವು" ಎಂದ. "ಡ್ಯಾಮಿನ ನೀರಾಗ ನಮ್ಮ ಹಳೇ ಊರು ಮುಳುಗಿದಾಗ ಮನಿ ಬಿಚ್ಚಿ ಬಂಡ್ಯಾಗ ಹೇರಿಕೊಂಡು ಬಂದಿದ್ವು. ನೋಡು, ಬಾಗಲಕ್ಕ ಬರ್ತಾವೇನು."

ತೊಲೆಗಳ ಮೇಲೆ ನಲವತ್ತು ವರ್ಷದ ಧೂಳು ಕೂತಿತ್ತು. ಸುಂಕಪ್ಪ ಒಂದರ ತುದಿಯನ್ನು ಉಳಿಯಿಂದ ಸ್ವಲ್ಪ ಕೆತ್ತಿದ. ಒಳಗೆ ಮರ ಜೇನಿನ ಬಣ್ಣಕ್ಕಿತ್ತು, ಎಣ್ಣೆಯ ವಾಸನೆ ಇನ್ನೂ ಹೋಗಿರಲಿಲ್ಲ. ಇಂಥ ಮರವನ್ನು ಅವನು ಮರುಳಪ್ಪನ ಅಂಗಡಿ ಬಿಟ್ಟ ಮೇಲೆ ಮುಟ್ಟಿರಲಿಲ್ಲ.

ಕೆಲಸ ಶುರು ಮಾಡುವ ಮೊದಲು ಅವನು ಇನ್ನೊಂದು ವಿಚಿತ್ರ ಕೆಲಸ ಮಾಡಿದ. ಶಾಂಭವಿಯ ಸೈಕಲ್ ಕೇಳಿ ಪಡೆದು, ತಾನೇ ಅದರಲ್ಲಿ ಕೂತು ಓಣಿಯ ತುದಿಯವರೆಗೆ ಹೋಗಿ ಬಂದ. ಓಣಿಯವರು ನಕ್ಕರು. ಅವನು ತಲೆ ಕೆಡಿಸಿಕೊಳ್ಳಲಿಲ್ಲ. ಕೂತಾಗ ಅವನಿಗೆ ಗೊತ್ತಾದದ್ದು ಬಹಳ. ಬಲಗೈ ಯಾವಾಗಲೂ ಹಿಡಿಕೆಯ ಮೇಲಿರುತ್ತದೆ, ಬಾಗಿಲಿಗೆ ಸಿಗುವುದು ಎಡಗೈ ಒಂದೇ. ಮಾಮೂಲಿ ಚಿಲಕ ತಲೆಯ ಮೇಲಕ್ಕಾಗುತ್ತದೆ. ಕದವನ್ನು ಎಳೆಯಬೇಕಾದರೆ ಹಿಂದೆ ಸರಿಯುತ್ತಲೇ ಎಳೆಯಬೇಕು, ಹಾಗಾಗಿ ಹಿಡಿ ಒಂದೇ ಜಾಗದಲ್ಲಿದ್ದರೆ ಕೈ ತಪ್ಪುತ್ತದೆ.

ನಾಗಲಿಂಗಮ್ಮನಿಗೆ ಒಂದೇ ಒಂದು ಆಸೆಯಿತ್ತು, ತಲೆಬಾಗಿಲು ಅಂದಮೇಲೆ ಜೋಡಿ ಕದ ಇರಬೇಕು ಎಂದು. ಆದರೆ ಕೂತವಳು ಎರಡೆರಡು ಕದ ತೆಗೆಯುವುದು ಹೇಗೆ? ಸುಂಕಪ್ಪ ಒಂದು ಕದವನ್ನು ಮೂರು ಅಡಿ ಅಗಲ, ಇನ್ನೊಂದನ್ನು ಮುಕ್ಕಾಲು ಅಡಿ ಅಗಲ ಮಾಡಿದ. ದಿನದ ಓಡಾಟಕ್ಕೆ ದೊಡ್ಡದು ಸಾಕು. ಸಣ್ಣದು ಚಿಲಕ ಹಾಕಿಕೊಂಡು ಸುಮ್ಮನೆ ನಿಂತಿರುತ್ತದೆ, ದೊಡ್ಡ ಸಾಮಾನು ಬಂದಾಗ ತೆಗೆದರಾಯಿತು. ದೊಡ್ಡ ಕದ ಭಾರಕ್ಕೆ ಜೋಲದಿರಲಿ ಎಂದು ಮೂರರ ಬದಲು ನಾಲ್ಕು ಬಿಜಾಗರಿ ಕೂರಿಸಿದ. ಕೂತವರ ಎದೆಯ ಮಟ್ಟಕ್ಕೆ, ಕದದ ಈ ತುದಿಯಿಂದ ಆ ತುದಿಗೆ, ಒಳಗೂ ಹೊರಗೂ ಒಂದೊಂದು ದುಂಡನೆಯ ಮರದ ಸರಳು. ಎಲ್ಲಿ ಹಿಡಿದರೂ ಕದ ಬರುತ್ತದೆ. ಚಿಲಕವೂ ಅದೇ ಎತ್ತರಕ್ಕೆ. ಹೊರಗೆ ಜಗುಲಿಯಿಂದ ಬೀದಿಗೆ ಕಲ್ಲಿನ ಇಳಿಜಾರು. ಅದನ್ನು ಗಾರೆಯವರ ಜೊತೆ ನಿಂತು ತಾನೇ ಮಾಡಿಸಿದ.

ಚೌಕಟ್ಟು ನಿಲ್ಲಿಸುವ ದಿನ ಬಂತು. "ಪೂಜಿಗೆ ಮರುಳಪ್ಪನ್ನ ಕರ್ಕೊಂಡು ಬಾ" ಎಂದಿದ್ದ ಜಂಬಣ್ಣ. ಸುಂಕಪ್ಪನಿಗೆ ಅದು ನಾಟಿತು. ಆದರೂ ಮುದುಕನನ್ನು ಸೈಕಲ್ ಹಿಂದೆ ಕೂರಿಸಿಕೊಂಡು ಬಂದ. ಮರುಳಪ್ಪ ಚೌಕಟ್ಟನ್ನು ಬುಡದಿಂದ ತಲೆಯವರೆಗೆ ಎರಡೂ ಕೈಯಲ್ಲಿ ಸವರಿದ. ಕೂಡಿಕೆಗಳ ಮೇಲೆ ಬೆರಳಾಡಿಸಿದ. ನೆಲದೊಳಗೆ ಇಳಿದಿದ್ದ ಹೊಸ್ತಿಲನ್ನು ಮುಟ್ಟಿ ನೋಡಿದ. ಅರಿಸಿನದ ಬಟ್ಟಲನ್ನು ಅವನ ಮುಂದಿಟ್ಟಾಗ ಕೈ ಹಿಂದೆ ತೆಗೆದುಕೊಂಡ.

"ನನಗ ಕಣ್ಣು ಕಾಣಂಗಿಲ್ಲ ಜಂಬಣ್ಣ. ಮಾಡಿದಾವ ಇಲ್ಲೇ ನಿಂತಾನಲ್ಲ, ಅವನ ಹಚ್ಚಲಿ."

ಹತ್ತು ಹದಿನೈದು ಜನ ಸೇರಿದ್ದರು.  ಜಂಬಣ್ಣ ಒಮ್ಮೆ ನೆಂಟರ ಕಡೆ, ಒಮ್ಮೆ ಮಗಳ ಕಡೆ ನೋಡಿದ. ನಾಗಲಿಂಗಮ್ಮ ಮಾತ್ರ ಯಾರನ್ನೂ ನೋಡದೆ ಬಟ್ಟಲನ್ನು ಎತ್ತಿ ಸುಂಕಪ್ಪನ ಮುಂದೆ ಹಿಡಿದು, "ಲಗೂ ಹಚ್ಚಪಾ, ಹೊತ್ತು ಮೀರತೈತಿ" ಎಂದಳು. ಸುಂಕಪ್ಪ ಹಚ್ಚಿದ. ಕಾಯಿ ಒಡೆಯಲು ಎರಡು ಸಲ ಬೀಸಬೇಕಾಯಿತು. ಟವೆಲು ಹೊದಿಸಿದ್ದು ಜಂಬಣ್ಣನೇ. ಮುಖ ಬಿಗಿದುಕೊಂಡೇ ಹೊದಿಸಿದ, ಆದರೆ ಹೊದಿಸಿದ. ಆ ಟವೆಲನ್ನು ಮಾಳಮ್ಮ ಬಹಳ ದಿನ ಯಾರಿಗೂ ಉಪಯೋಗಿಸಲು ಕೊಡಲಿಲ್ಲ.

ಬೂತಿನ ಉದ್ಘಾಟನೆಗೆ ದಿನ ಗೊತ್ತಾಗಿದ್ದರಿಂದ ಕೊನೆಯ ವಾರ ಓಡೋಡಿ ಕೆಲಸ ಮಾಡಬೇಕಾಯಿತು. ಹಳೆ ಸಾಗವಾನಿ ಒಂದಿಷ್ಟು ಕಡಿಮೆ ಬಿತ್ತು. ದೊಡ್ಡ ಕದದ ಕೆಳಗಿನ ಅಡ್ಡಪಟ್ಟಿಗೆ ಸುಂಕಪ್ಪ ಅಂಗಡಿಯಲ್ಲಿದ್ದ ಬೇವಿನ ಹಲಗೆ ಹಾಕಿದ. ಅದು ಪೂರ್ತಿ ಒಣಗಿದೆಯೋ ಇಲ್ಲವೋ ಎಂಬ ಅನುಮಾನ ಒಳಗೇ ಇತ್ತು. ಎಣ್ಣೆ ಹಚ್ಚುವ ಮೊದಲೇ ಕದ ತೂಗಿಹಾಕಿದ್ದರಿಂದ ಕದದ ತಳದ ಅಂಚಿಗೆ ಕುಂಚ ಹೋಗಲಿಲ್ಲ. ಆಮೇಲೆ ಹಚ್ಚಿದರಾಯಿತು ಎಂದು ಬಿಟ್ಟ. ಬಿಟ್ಟದ್ದು ಮರೆತೂ ಹೋಯಿತು.

ಉದ್ಘಾಟನೆಯ ದಿನ ಶಾಂಭವಿ ಬೀದಿಯಿಂದ ಇಳಿಜಾರು ಹತ್ತಿ, ಎಡಗೈಯಿಂದ ಸರಳು ನೂಕಿ, ಯಾರ ಕೈಯನ್ನೂ ಹಿಡಿಯದೆ ಒಳಗೆ ಹೋದಳು. ಒಳಗೆ ಒಂದು ಸುತ್ತು ತಿರುಗಿ ಮತ್ತೆ ಹೊರಗೆ ಬಂದಳು. ಮತ್ತೆ ಒಳಗೆ. ಮತ್ತೆ ಹೊರಗೆ. "ಸಾಕು ಮಾಡೇ, ಬಾಗಲಾ ಸವದೀತು!" ಎಂದು ನಾಗಲಿಂಗಮ್ಮ ಬೈಯುತ್ತಾ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಎರಡು ತಿಂಗಳು ಎಲ್ಲ ಚೆನ್ನಾಗಿತ್ತು. ಹಳದಿ ಬೋರ್ಡು ನೋಡಿಕೊಂಡು ಜನ ಬಂದರು. ಹರಪನಹಳ್ಳಿಯ ಮೆಕ್ಕೆಜೋಳದ ಧಾರಣೆ ಕೇಳುವ ವ್ಯಾಪಾರಿಗಳು, ಗಂಡನ ಮನೆಯಲ್ಲಿರುವ ಮಗಳ ಸುದ್ದಿ ಕೇಳುವ ತಾಯಂದಿರು. ಶಾಂಭವಿ ಸಂಜೆ ಒಬ್ಬಳೇ ಸಂತೆ ಮೈದಾನದವರೆಗೆ ಹೋಗಿ ಮೆಣಸಿನಕಾಯಿ ಬಜ್ಜಿ ತಿಂದು ಬರುವುದನ್ನು ಕಲಿತಳು.

ಸೆಪ್ಟೆಂಬರಿನಲ್ಲಿ ಜಡಿ ಮಳೆ ಹಿಡಿಯಿತು. ಈ ಸೀಮೆಗೆ ಅಪರೂಪವಾಗಿ ಮೂರು ದಿನ ಬಿಡದೆ ಸುರಿಯಿತು. ಜಂಬಣ್ಣ, ನಾಗಲಿಂಗಮ್ಮ ಇಬ್ಬರೂ ನೆಂಟರ ಮದುವೆಗೆಂದು ಹರಪನಹಳ್ಳಿಗೆ ಹೋಗಿದ್ದರು. ಮೂರನೇ ದಿನ ಬೆಳಿಗ್ಗೆ ಒಂಬತ್ತಕ್ಕೆ ಗಿರಣಿಯ ಫೋನು ಬಡಿದುಕೊಂಡಿತು. ಗಂಗಾಧರ್ ಎತ್ತಿದವರು, ಪಕ್ಕದ ಚಪ್ಪರಕ್ಕೆ ಕೂಗು ಹಾಕಿದರು: "ಸುಂಕಪ್ಪಾ, ಜಂಬಣ್ಣನ ಮಗಳಂತ! ಬಾಗಲಾ ತಗಿಯಾಕ ಬರವಲ್ದಂತ, ಒಳಗ ಸಿಕ್ಕೊಂಡಾಳ!"

ಸುಂಕಪ್ಪ ಕೈಯಲ್ಲಿದ್ದ ಉಳಿಯನ್ನು ಅಲ್ಲೇ ಬಿಟ್ಟೆದ್ದ. ಗೋಣಿತಾಟು ತಲೆಗೆ ಹೊದ್ದುಕೊಂಡು ಸೈಕಲ್ ತುಳಿದ. ಮನೆಯ ಮುಂದೆ ಆಗಲೇ ನಾಲ್ಕೈದು ಜನ ಸೇರಿದ್ದರು. "ಹೊಸ್ತಿಲಾ ನೆಲದಾಗ ಹೂತ್ರ ಹಿಂಗ ಆಗೋದು" ಎಂದು ಒಬ್ಬಾತ ಗಟ್ಟಿಯಾಗಿಯೇ ಹೇಳಿದ. ಸುಂಕಪ್ಪ ಕೇಳಿಸಿಕೊಂಡೂ ಕೇಳದವನಂತೆ ಕದಕ್ಕೆ ಭುಜ ಕೊಟ್ಟ.

"ಸ್ವಲ್ಪ ಹಿಂದಕ್ಕ ಸರೀರಿ ಅಕ್ಕಾರ."

"ಸರದೀನಿ. ಜೋರಾಗಿ ನೂಕ್ರಿ" ಎಂದಳು ಒಳಗಿನಿಂದ ಶಾಂಭವಿ. ದನಿಯಲ್ಲಿ ಹೆದರಿಕೆಯಿತ್ತು.

ಮೂರನೆಯ ನೂಕಿಗೆ ಕದ ನೆಲವನ್ನು ಕೆರೆಯುತ್ತಾ ಒಳಗೆ ಹೋಯಿತು. ಸುಂಕಪ್ಪ ಬಗ್ಗಿ ತಳಕ್ಕೆ ಬೆರಳು ಹಾಕಿದ. ಮರ ನೀರು ಕುಡಿದ ಬಟ್ಟೆಯಂತೆ ಒದ್ದೆಯಾಗಿತ್ತು. ಬೇವಿನ ಪಟ್ಟಿ ಉಬ್ಬಿ, ಕೆಳಕ್ಕೆ ಬೆಳೆದು, ನೆಲಮಟ್ಟದ ಹೊಸ್ತಿಲನ್ನು ಕಚ್ಚಿ ಹಿಡಿದಿತ್ತು. ಹಚ್ಚುತ್ತೇನೆ ಎಂದು ಬಿಟ್ಟಿದ್ದ ತಳದ ಅಂಚು ಆಗ ನೆನಪಾಯಿತು. ಅವನಿಗೆ ನಾಚಿಕೆಯಾಯಿತು.

ಮಧ್ಯಾಹ್ನದ ಬಸ್ಸಿಗೆ ಗಂಡ ಹೆಂಡತಿ ಬಂದಿಳಿದಾಗ, ಸುಂಕಪ್ಪ ಎರಡೂ ಕದಗಳನ್ನು ಬಿಚ್ಚಿ ಜಗುಲಿಯ ಮೇಲೆ ಮಲಗಿಸಿದ್ದ. ಬಾಗಿಲಿಲ್ಲದ ಮನೆ ನೋಡಿ ಜಂಬಣ್ಣ ಬೀದಿಯಲ್ಲೇ ನಿಂತುಬಿಟ್ಟ. ದಾರಿಯಲ್ಲೇ ಯಾರೋ ಅವನ ಕಿವಿಗೆ ಹಾಕಿದ್ದರು.

"ಏನಿದು? ಹೊಸ್ತಿಲದ್ದ ದೋಷ ಅಂತಾರಲ್ಲ ಜನ?"

ಅಪರೂಪದ ಮಳೆಯ ಮೇಲೆ ಹಾಕಬಹುದಿತ್ತು. ಮರದ ಮೇಲೂ ಹಾಕಬಹುದಿತ್ತು. ಸುಂಕಪ್ಪ ಎದ್ದು ನಿಂತ. "ಹೊಸ್ತಿಲದ್ದು ಏನೂ ಇಲ್ರಿ. ತಪ್ಪು ನಂದು. ಹಸಿ ಬೇವು ಹಾಕಿದೆ. ತಳಕ್ಕ ಎಣ್ಣಿ ಹಚ್ಚಲಿಲ್ಲ. ಅವಸರ ಮಾಡಿದೆ." ಕದವನ್ನು ಹೊರಳಿಸಿ, ಬರಿದಾಗಿದ್ದ ಅಂಚನ್ನು ತೋರಿಸಿದ. "ನಾಲ್ಕು ದಿನ ಕೊಡ್ರಿ. ಸರಿ ಮಾಡಿ ಹೋಗ್ತೀನಿ. ಅಲ್ಲೀತನಕ ಇಲ್ಲಿಂದ ಏಳಂಗಿಲ್ಲ."

ಜಂಬಣ್ಣ ಬೈಯಲು ಬಾಯಿ ತೆರೆದವನು ಮುಚ್ಚಿಕೊಂಡ. ಮೂವತ್ತು ವರ್ಷದ ವ್ಯಾಪಾರದಲ್ಲಿ, ಕೇಳುವ ಮೊದಲೇ ತಪ್ಪು ತನ್ನದೆಂದು ಹೇಳಿದವರನ್ನು ಅವನು ಹೆಚ್ಚು ಕಂಡಿರಲಿಲ್ಲ. "ಸಾಗವಾನಿ ಇನ್ನೆಷ್ಟು ಬೇಕು?" ಎಂದಷ್ಟೇ ಕೇಳಿದ.

"ಒಂದು ಪಟ್ಟಿಗಾಗುವಷ್ಟು ಸಿಕ್ಕರ ಸಾಕ್ರಿ."

ಅಡುಗೆ ಮನೆಯ ಅಟ್ಟದ ಅಡಿಗೆ ಆನಿಸಿದ್ದ ಒಂದು ತುಂಡು ತೊಲೆಯನ್ನು ಜಂಬಣ್ಣ ತಾನೇ ಕಿತ್ತು ತಂದು ಕೊಟ್ಟ. ಅಟ್ಟಕ್ಕೆ ಬೇರೆ ಕಂಬ ಕೊಟ್ಟು ನಿಲ್ಲಿಸುವ ತನಕ ನಾಗಲಿಂಗಮ್ಮ ಎರಡು ದಿನ ಗೊಣಗಿದಳು.

ಆ ನಾಲ್ಕು ದಿನ ಸುಂಕಪ್ಪ ಆ ಜಗುಲಿಯ ಮೇಲೇ ಕೆಲಸ ಮಾಡಿದ. ಬೇವಿನ ಪಟ್ಟಿ ಬಿಚ್ಚಿ ಸಾಗವಾನಿ ಕೂರಿಸಿದ. ತಳದಲ್ಲಿ ಕಿರುಬೆರಳಿನಷ್ಟು ಸಂದು ಬಿಟ್ಟ. ಆ ಸಂದಿನಿಂದ ನೀರು ನುಗ್ಗದಂತೆ ಕದದ ಹೊರಮೈಗೆ, ಸೂರಿನ ಹಾಗೆ ಮುಂದಕ್ಕೆ ಬಾಗಿದ ಒಂದು ಮಳೆಪಟ್ಟಿ ಬಡಿದ. ಹೊಸ್ತಿಲ ಮುಂದಿನ ಕಲ್ಲಿನಲ್ಲಿ ನೀರು ಪಕ್ಕಕ್ಕೆ ಹರಿದುಹೋಗುವಂತೆ ಸಣ್ಣ ಕಾಲುವೆ ಕೊರೆಯಿಸಿದ. ಅಗಸೆ ಎಣ್ಣೆ ಕಾಯಿಸಿ ಕದದ ಆರೂ ಮೈಗೆ ಮೂರು ಮೂರು ಸಲ ಕುಡಿಸಿದ. ಮೊದಲ ದಿನ ಚಹಾ ಜಗುಲಿಗೆ ಬಂತು. ಎರಡನೇ ದಿನ ಮಧ್ಯಾಹ್ನ ಅವನು ರೊಟ್ಟಿಯ ಗಂಟು ಬಿಚ್ಚುತ್ತಿದ್ದಾಗ ನಾಗಲಿಂಗಮ್ಮ ಹೊರಗೆ ಬಂದು, "ಇಲ್ಲಿ ಮಳಿ ಸಿಡಿತೈತಿ, ಒಳಗ ಬಂದು ಉಣ್ಣಪಾ. ಬಿಸಿ ಝುಣಕ ಮಾಡೀನಿ" ಎಂದಳು. ಸುಂಕಪ್ಪ ಹಿಂದೆ ಮುಂದೆ ನೋಡಿದ. ಶಾಂಭವಿ ಬೂತಿನಿಂದ ಕತ್ತು ಹೊರಗೆ ಹಾಕಿ, "ಬಾಗಲಾನ ಇಲ್ಲ, ಬರಾಕ ಏನು ಅಡ್ಡಿ?" ಎಂದಳು. ಮೂವರೂ ನಕ್ಕರು. ಪಡಸಾಲೆಯಲ್ಲಿ ಕೂತು ಉಂಡ. ಅವನ ಗಂಟಿನ ಸಜ್ಜೆ ರೊಟ್ಟಿಯಲ್ಲಿ ಒಂದನ್ನು ಶಾಂಭವಿ ಕೇಳಿ ತಿಂದಳು.

ಮುಂದಿನ ಮಳೆಗೆ ಬಾಗಿಲು ಕೂದಲೆಳೆಯಷ್ಟೂ ಉಬ್ಬಲಿಲ್ಲ.

ಬಾಗಿಲಿನ ಸುದ್ದಿ ನಿಧಾನವಾಗಿ ಹರಡಿತು. ಅದನ್ನು ಹರಡಿದ್ದು ಮುಖ್ಯವಾಗಿ ಬೂತಿಗೆ ಬಂದ ಜನ. ಫೋನಿನ ಸಾಲಿನಲ್ಲಿ ನಿಂತವರಿಗೆ ನೋಡಲು ಆ ಬಾಗಿಲನ್ನು ಬಿಟ್ಟು ಬೇರೇನೂ ಇರಲಿಲ್ಲ. ಮೊದಲಿಗೆ ಹಗರಿಬೊಮ್ಮನಹಳ್ಳಿಯಿಂದ ಭರಮಮ್ಮ ಎಂಬ ಸೂಲಗಿತ್ತಿ ಬಂದಳು. ಅವಳ ಮುದಿ ತಂದೆಗೆ ಕಣ್ಣಿರಲಿಲ್ಲ, ಹೊಸ್ತಿಲು ಎಡವಿ ಎರಡು ಸಲ ಬಿದ್ದಿದ್ದ. ಆಮೇಲೆ ಹಡಗಲಿಯ ಒಬ್ಬ ಮೇಷ್ಟ್ರು, ಕೋಗಳಿಯ ಒಂದು ಕುಟುಂಬ. ಎರಡು ವರ್ಷ ಕಳೆಯುವ ಹೊತ್ತಿಗೆ ಮಾಮೂಲಿ ತಲೆಬಾಗಿಲು ಕೇಳಿಕೊಂಡೂ ಜನ ಬರತೊಡಗಿದರು, ಎತ್ತರದ ಹೊಸ್ತಿಲಿನದೇ. ಅದನ್ನೂ ಮಾಡಿದ. ಎಲ್ಲರೂ ಬದಲಾದರು ಎಂದಲ್ಲ. ಕೊಟ್ಟೂರಿನಲ್ಲೇ ಕೆಲವು ಮನೆಗಳು ಕೊನೆಯವರೆಗೂ ಅವನಿಗೆ ಹಿಂಬಾಗಿಲನ್ನೇ ಕೊಟ್ಟವು. ಅವನು ಹಿಂಬಾಗಿಲನ್ನೂ ಅಷ್ಟೇ ನಿಷ್ಠೆಯಿಂದ ಮಾಡಿದ. ಆದರೆ ತಳಕ್ಕೆ ಎಣ್ಣೆ ಕುಡಿಸದೆ ಯಾವ ಕದವನ್ನೂ ತೂಗಿಹಾಕಲಿಲ್ಲ.

ಎರಡು ಸಾವಿರದ ಮೂರು ನಾಲ್ಕರ ಹೊತ್ತಿಗೆ ಎಲ್ಲರ ಕೈಗೂ ಮೊಬೈಲು ಬಂತು, ಎಸ್ಟಿಡಿ ಬೂತುಗಳು ಒಂದೊಂದಾಗಿ ಮುಚ್ಚಿದವು. ಶಾಂಭವಿ ಹೆದರಲಿಲ್ಲ. ಅದೇ ಕೋಣೆಗೆ ಜೆರಾಕ್ಸ್ ಯಂತ್ರ ತರಿಸಿದಳು. ಅದನ್ನು ಇಳಿಸುವ ದಿನ ಸಣ್ಣ ಕದದ ಚಿಲಕ ತೆಗೆಯಬೇಕಾಯಿತು. ಎಂಟು ವರ್ಷ ಮುಟ್ಟದ ಚಿಲಕ, ಒಂದೇ ಎಳೆತಕ್ಕೆ ಬಂತು. ಜಂಬಣ್ಣ ಆ ದಿನ ಗಿರಣಿಗೆ ಫೋನು ಮಾಡಿಸಿ ಸುಂಕಪ್ಪನನ್ನು ಕರೆಸಿ ತೋರಿಸಿದ, ತಾನೇ ಮಾಡಿದ್ದೆನೋ ಎಂಬಂತೆ.

ಸುಂಕಪ್ಪನಿಗೆ ಆಗ ಐವತ್ತರ ಹತ್ತಿರ. ಕೂದಲು ನಿಜವಾಗಿಯೇ ಬೆಳ್ಳಗಾಗುತ್ತಿತ್ತು. ಈಗ ಹಿಟ್ಟು ಯಾವುದು, ವಯಸ್ಸು ಯಾವುದು ಎಂದು ಗೊತ್ತಾಗುವುದಿಲ್ಲ ಎಂದು ಮಾಳಮ್ಮ ಹೇಳುತ್ತಿದ್ದಳು. ಅವಳು ಅಂಗನವಾಡಿಯಲ್ಲಿ ಸಹಾಯಕಿಯಾಗಿ ಸೇರಿ ಆರು ವರ್ಷವಾಗಿತ್ತು. ಮಗಳು ಸುಮಂಗಲಾ ನರ್ಸಿಂಗ್ ಓದುತ್ತಿದ್ದಳು. ರಜೆಗೆ ಬಂದಾಗ ಅಪ್ಪ ಅಳತೆ ಬರೆದಿಡುವ ಪುಸ್ತಕದಲ್ಲಿ ಬಾಗಿಲುಗಳ ಚಿತ್ರ ನೋಡಿ, ಯಾವ ಆಸ್ಪತ್ರೆಯ ಬಾಗಿಲಲ್ಲಿ ಸ್ಟ್ರೆಚರ್ ಹಾಯುವುದಿಲ್ಲ ಎಂದು ಬೆರಳು ಮಡಿಸಿ ಹೇಳುತ್ತಿದ್ದಳು.

ಅವನಿಗೊಂದು ಅಭ್ಯಾಸ ಬೆಳೆದಿತ್ತು. ಒಂದು ದಿನ ಉಚ್ಚಂಗಿದುರ್ಗದಲ್ಲಿ ಹುಲುಗಣ್ಣ ಎಂಬ ರೈತ ಹೊಸ ಮನೆಯ ಬಾಗಿಲಿನ ಅಳತೆಗೆ ಕರೆಸಿದ್ದ. ಗೋಡೆ ಎದ್ದಿತ್ತು, ಬಾಗಿಲಿನ ಜಾಗ ಇನ್ನೂ ಬರಿದಾಗಿತ್ತು. ಸುಂಕಪ್ಪ ಟೇಪನ್ನು ಚೀಲದಿಂದ ಹೊರಗೇ ತೆಗೆಯಲಿಲ್ಲ. ಬೀದಿಯ ಆಚೆ ಒಂದು ಕಲ್ಲಿನ ಮೇಲೆ ಕೂತು ಬೀಡಿ ಹಚ್ಚಿದ.

"ಎಷ್ಟು ಅಡಿ ಬರಿಯೋಣ?" ಎಂದು ಹುಲುಗಣ್ಣ ಅವಸರ ಮಾಡಿದ.

"ತಡೀರಿ. ಮನ್ಯಾಗ ಎಷ್ಟು ಮಂದಿ ಅದೀರಿ?"

"ಏಳು ಮಂದಿ. ನಮ್ಮವ್ವನ್ನ ಹಿಡಕೊಂಡು."

"ಎಲ್ಲಾರೂ ಒಂದೊಂದು ಸಲ ಒಳಗ ಹೋಗಿ ಹೊರಗ ಬರ್ರಿ" ಎಂದ ಸುಂಕಪ್ಪ. "ಅವ್ವಾರು ಮೊದಲ ಬರಲಿ. ನಾನು ಇಲ್ಲಿಂದ ನೋಡ್ತೀನಿ."

ಹುಲುಗಣ್ಣನ ತಾಯಿ ಮೈಲಮ್ಮ ಕೋಲೂರಿಕೊಂಡು ಒಳಗಿನಿಂದ ಹೊರಟಳು. ಬಾಗಿಲಿನ ಜಾಗಕ್ಕೆ ಬಂದಾಗ, ಅಲ್ಲಿ ಇನ್ನೂ ಚೌಕಟ್ಟಿಲ್ಲದಿದ್ದರೂ, ಅಭ್ಯಾಸಬಲದಿಂದ ಎಡಗೈ ಚಾಚಿ ಗೋಡೆಯ ಅಂಚಿಗೆ ಆನಿಸಿದಳು. ಸುಂಕಪ್ಪ ಬೀಡಿ ಆರಿಸಿ, ಕಿವಿಯ ಮೇಲಿನ ಪೆನ್ಸಿಲು ತೆಗೆದು, ಆ ಕೈ ಎಷ್ಟು ಎತ್ತರಕ್ಕೆ ತಾಗಿತೆಂಬುದನ್ನು ಮೊದಲು ಬರೆದುಕೊಂಡ.